ಗಣಕಕ್ಕೊಂದು ಒಪ್ಪೋಲೆ

ಬಾದಾಮಿಯ ಮೂರನೆಯ ಗುಹೆಯನ್ನು ನೋಡಲು ಹೋದವರು ಸಾಮಾನ್ಯವಾಗಿ ಅಲ್ಲಿಯ ವರಾಹ, ನರಸಿಂಹ, ತ್ರಿವಿಕ್ರಮ ಮೂರ್ತಿಗಳನ್ನು ಕಂಡು ಬೆರಗಾಗಿ ಹಿಂದಿರುಗುತ್ತಾರೆ. ಆ ಬಂಡೆಯ ಮೇಲೆ ಚಾಲುಕ್ಯರ ಮಂಗಳೇಶನ ಬರಹಗಳೂ ಇವೆಯೆಂಬುದನ್ನು ಗಮನಿಸುವವರು ಕಡಮೆ. ಅಲ್ಲಿ ವಿಷ್ಣುವಿನ ಪ್ರತಿಷ್ಠೆ ನಡೆದುದು ಶಕವರ್ಷ ೫೦೦ರಲ್ಲಿ, ಎಂದರೆ ಕ್ರಿ.ಶ. ೫೭೮ರಲ್ಲಿ, ಎಂದು ಸಂಸ್ಕೃತ ಶಾಸನವು ಹೇಳುತ್ತದೆ. ಅದಲ್ಲದೆ ಪುಟ್ಟ ಕನ್ನಡ ಶಾಸನವೊಂದು ಉಂಟು. ಈ ಕಲ್ಮನೆಗೆ ಮಂಗಳೇಶನು ಕೊಟ್ಟ ದತ್ತಿಯನ್ನು ತಿಳಿಸಿ, ಅದನ್ನು ಕೆಡಿಸಿದವನು ಏಳನೆಯ ನರಕದ ಹುಳುವಾಗುವನು ಎಂಬ ಅರ್ಥದ ಶಾಪದೊಡನೆ ಅದು ಮುಗಿಯುತ್ತದೆ.

ಈ ಶಾಪದಲ್ಲಿ ಅಕ್ಷರಪ್ರಿಯರಿಗೆ ಒಂದು ಸ್ವಾರಸ್ಯವಿದೆ. ಕೆಡಿಸು ಎಂಬರ್ಥದ ‘ಅೞಿ’, ಏಳು ಎಂಬರ್ಥದ ‘ಏೞ್’, ಹುಳು ಎಂಬರ್ಥದ ‘ಪುೞು’—ಈ ಮೂರು ಹಳಗನ್ನಡ ಮಾತುಗಳಲ್ಲಿಯೂ ಇರುವ ಅಕ್ಷರ ಒಂದೇ: ೞ. ತಮಿಳರು ತಮ್ಮ ಭಾಷೆಯ ಹೆಸರಿನ ಕೊನೆಯಲ್ಲಿ ಇಂದಿಗೂ ಉಚ್ಚರಿಸುವ ಧ್ವನಿ ಇದೇ. ಕನ್ನಡಿಗರ ನಾಲಗೆ ಇದನ್ನು ಬಿಟ್ಟು ಶತಮಾನಗಳೇ ಕಳೆದುವು. ಮೞೆ ಮಳೆಯಾಯಿತು, ಬಾೞೆ ಬಾಳೆಯಾಯಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಬರೆಯುವ ಹೊತ್ತಿಗೇ ೞಕಾರವೆಲ್ಲಿ, ಳಕಾರವೆಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕಾಗಿ ಬಂದಿತ್ತು. ಆದರೂ ಬಾದಾಮಿ, ಪಟ್ಟದಕಲ್ಲುಗಳ ಶಾಸನಗಳನ್ನಾಗಲಿ ಹುನಗುಂದ ಸೀಮೆಯ ಐಹೊಳೆಯ ಕಲ್ಬರಹಗಳನ್ನಾಗಲಿ ಪಂಪನ ಕಾವ್ಯವನ್ನಾಗಲಿ ಅಚ್ಚುಮಾಡುವವರಿಗೆ ಈ ಅಕ್ಷರವಿಲ್ಲದೆ ನಡೆಯದು.

ಇಂತಹ ಅಕ್ಷರವು ಗಣಕಯಂತ್ರವನ್ನು ಪ್ರವೇಶಿಸಿದಾಗ ಅದಕ್ಕೆ ವಿಚಿತ್ರವಾದ ನಾಮಕರಣವೊಂದಾಯಿತು. ಗಣಕಕ್ಕೆ ಅಕ್ಷರಗಳು ತಿಳಿಯವು, ಸಂಖ್ಯೆಗಳು ಮಾತ್ರ ತಿಳಿಯುತ್ತವೆ ಎಂಬುದನ್ನು ವಾಚಕರು ಬಲ್ಲರಷ್ಟೆ. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡುವ ‘ಯೂನಿಕೋಡ್’ ಎಂಬ ಮಾನಕದ ಮೊದಲನೆಯ ಆವೃತ್ತಿ ೧೯೯೧ರಲ್ಲಿ ಹೊರಬಂದಿತು. ಸಂಖ್ಯೆಯ ಜೊತೆಗೆ ಪ್ರತಿಯೊಂದು ಅಕ್ಷರಕ್ಕೂ ಇಂಗ್ಲಿಷಿನಲ್ಲಿ ಒಂದು ಹೆಸರನ್ನೂ ಅದು ಕೊಡುತ್ತದೆ. ಕನ್ನಡಕ್ಕೆ ಮೀಸಲಾದ ಸ್ಥಳವು ೩೨೦೦ನೆಯ ಸಂಖ್ಯೆಯಿಂದ ಆರಂಭವಾಗುತ್ತದೆ. ‘ಕ’ ಅಕ್ಷರದ ಸಂಖ್ಯೆ ೩೨೨೧. ಅದರ ಹೆಸರು ‘ಕನ್ನಡ ಲೆಟರ್ ಕೆಎ’. ನಮ್ಮ ೞಕಾರದ ಸಂಖ್ಯೆ ೩೨೯೪. ಅದರ ಹೆಸರು ಏನೆಂದು ಭಾವಿಸುತ್ತೀರಿ? ‘ಕನ್ನಡ ಲೆಟರ್ ಎಫ್‌ಎ’! ಎಂದರೆ ಫೋನು, ಫ್ಯಾನು ಮುಂತಾದ ಮಾತುಗಳ ಮೊದಲಿಗೆ ತುಟಿಯನ್ನು ಹಲ್ಲಿಗೆ ತಾಗಿಸಿ ನಾವು ಹೊರಡಿಸುವ ಧ್ವನಿ. ೞಕಾರಕ್ಕೂ ಅದಕ್ಕೂ ಯಾವ ನಂಟೂ ಇಲ್ಲ.

ಈ ತಪ್ಪು ಹೇಗೆ ಬಂದಿರಬಹುದೆಂಬುದನ್ನು ಸಾಮಾನ್ಯವಾದ ಕಳೆಯುವ ಲೆಕ್ಕದಿಂದಲೇ ಊಹಿಸಬಹುದು. ಯೂನಿಕೋಡಿನಲ್ಲಿ ಕನ್ನಡ, ದೇವನಾಗರಿ ಮುಂತಾದ ಲಿಪಿಗಳಿಗೆ ತಲಾ ೧೨೮ ಮನೆಗಳುಂಟು. ಒಂದೇ ಧ್ವನಿಯ ಅಕ್ಷರಗಳು ಆದಷ್ಟೂ ಒಂದೇ ಕ್ರಮಾಂಕದ ಮನೆಗಳಲ್ಲಿ ಬರುವಂತೆ ಅವನ್ನು ಜೋಡಿಸಿದ್ದಾರೆ. ದೇವನಾಗರಿಯ ಕೇರಿ ೨೩೦೪ರಿಂದ ಮೊದಲಾಗುತ್ತದೆ. ಅಲ್ಲಿಯ ಕಕಾರ ೨೩೨೫ರಲ್ಲಿದೆ. ವ್ಯತ್ಯಾಸ ೨೧. ಕನ್ನಡದಲ್ಲಿಯೂ ೩೨೨೧ರಲ್ಲಿ ೩೨೦೦ನ್ನು ಕಳೆದರೆ ಉಳಿಯುವುದು ೨೧. ಈಗ ೩೨೯೪ನ್ನು ತೆಗೆದುಕೊಳ್ಳಿ, ವ್ಯತ್ಯಾಸ ೯೪. ದೇವನಾಗರಿಯಲ್ಲಿ ೯೪ನೆಯ ವ್ಯತ್ಯಾಸದ ಮನೆ ೨೩೯೮. ಅಲ್ಲಿ ವಾಸವಾಗಿರುವುದು ಯಾರು? ಕೆಳಗೆ ಚುಕ್ಕೆಯಿಟ್ಟ ಫಕಾರ. ಅದರ ಹೆಸರು ನ್ಯಾಯವಾಗಿಯೇ ‘ಎಫ್‌ಎ’. ಇನ್ನು ತಮಿಳಿನ ೞಕಾರ, ಮಲಯಾಳದ ೞಕಾರಗಳನ್ನು ಹುಡುಕಿದರೆ ಅವೆರಡೂ ತಮ್ಮ ತಮ್ಮ ಕೇರಿಗಳಲ್ಲಿ ೫೨ನೆಯ ವ್ಯತ್ಯಾಸದ ಮನೆಯಲ್ಲಿವೆ. ಕನ್ನಡದಲ್ಲಿ ಆ ಮನೆ, ೩೨೫೨, ಬರಿದಾಗಿದೆ. ಫಕಾರದ ಮನೆಗೆ ೞಕಾರವು ಒಕ್ಕಲು ಬಂದಿತು, ಬಾಗಿಲ ಮೇಲಿನ ಹಲಗೆ ಮಾತ್ರ ಹಾಗೆಯೇ ಉಳಿಯಿತು ಎಂದು ಈ ಲೆಕ್ಕವು ಸೂಚಿಸುತ್ತದೆ.

ಹೆಸರಿನಲ್ಲೇನಿದೆ, ಅಕ್ಷರ ಸರಿಯಾಗಿ ಮೂಡಿದರೆ ಸಾಲದೇ ಎಂದು ಕೇಳಬಹುದು. ಕನ್ನಡವನ್ನರಿಯದ ಒಬ್ಬನು ಈ ಹೆಸರುಗಳ ಪಟ್ಟಿಯನ್ನೇ ನಂಬಿ ಕನ್ನಡದಿಂದ ರೋಮನ್ ಲಿಪಿಗೆ ಬರಹವನ್ನು ತಿರುಗಿಸುವ ತಂತ್ರಾಂಶವನ್ನು ರಚಿಸಿದನೆಂದು ಊಹಿಸಿಕೊಳ್ಳಿ. ಅವನ ಗಣಕವು ‘ಮೞೆ’ಯನ್ನು ‘ಮಫೆ’ ಎಂದೂ ‘ಬಾೞೆ’ಯನ್ನು ‘ಬಾಫೆ’ ಎಂದೂ ಓದೀತು; ಮಂಗಳೇಶನ ಹುಳುವಿನ ಗತಿಯನ್ನಂತೂ ಹೇಳಬೇಕಾಗಿಲ್ಲ. ತಪ್ಪು ಅವನದಲ್ಲ. ಕೈಪಿಡಿಯಲ್ಲಿದ್ದಂತೆಯೇ ಅವನು ನಡೆದನು.

ಹಾಗಾದರೆ ತಪ್ಪು ತಿಳಿದೊಡನೆಯೇ ಹೆಸರನ್ನು ಬದಲಾಯಿಸಬಾರದೇಕೆ? ಕುತೂಹಲಕರವಾದ ಸಂಗತಿ ಇಲ್ಲಿಯೇ ಇದೆ. ಯೂನಿಕೋಡಿನ ಎರಡನೆಯ ಆವೃತ್ತಿಯಿಂದೀಚೆಗೆ, ಎಂದರೆ ೧೯೯೬ರಿಂದ, ಒಮ್ಮೆ ಕೊಟ್ಟ ಹೆಸರನ್ನು ಎಂದೆಂದಿಗೂ ಬದಲಾಯಿಸತಕ್ಕದ್ದಲ್ಲ ಎಂಬ ನಿಯಮವಿದೆ. ಇದು ಹಟಮಾರಿತನವಲ್ಲ. ಅಕ್ಷರಗಳನ್ನು ಸಂಖ್ಯೆಯಿಂದಲ್ಲದೆ ಹೆಸರಿನಿಂದಲೂ ಕರೆಯುವ ಪ್ರೋಗ್ರಾಂಗಳುಂಟು. ಇಂದು ಹೆಸರನ್ನು ತಿದ್ದಿದರೆ ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಅಂತಹ ಪ್ರೋಗ್ರಾಂ ನಾಳೆ ನಿಂತುಹೋಗುತ್ತದೆ. ಆದಕಾರಣ ೨೦೦೬ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಮಧ್ಯಮಮಾರ್ಗವೊಂದನ್ನು ಹಿಡಿದರು. ಹಳೆಯ ಹೆಸರನ್ನು ಇದ್ದಂತೆಯೇ ಇರಿಸಿ, ಅಧಿಕೃತವಾದ ಅಡ್ಡಹೆಸರುಗಳ ಬೇರೊಂದು ಪಟ್ಟಿಯನ್ನು ಮಾಡಿ, ಅದರಲ್ಲಿ ೩೨೯೪ಕ್ಕೆ ‘ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ’ ಎಂಬ ಸರಿಯಾದ ಹೆಸರನ್ನು ಬರೆದರು. ಅಕ್ಷರಗಳ ನಕ್ಷೆಯಲ್ಲಿಯೂ ‘ಹೆಸರು ತಪ್ಪಾಗಿದೆ’ ಎಂಬ ಟಿಪ್ಪಣಿಯುಂಟು. ಕಾಲೇಜಿನ ಗಣಕದಲ್ಲಿ ಪೈಥಾನ್ ಭಾಷೆಯಿದ್ದರೆ ನೀವೇ ಪರೀಕ್ಷಿಸಬಹುದು: ಅದರ ‘ಯೂನಿಕೋಡ್‌ಡೇಟಾ’ ಎಂಬ ಭಾಗವನ್ನು ಕರೆದು ೞಕಾರದ ಹೆಸರೇನೆಂದು ಕೇಳಿದರೆ ಇಂದಿಗೂ ಅದು ‘ಎಫ್‌ಎ’ ಎಂದೇ ಉತ್ತರಿಸುತ್ತದೆ, ಆದರೆ ಸರಿಯಾದ ಹೆಸರನ್ನು ಕೊಟ್ಟು ಅಕ್ಷರವನ್ನು ಹುಡುಕಿದರೂ, ೨೦೧೨ರ ಅನಂತರದ ಆವೃತ್ತಿಗಳಲ್ಲಿ, ೞಕಾರವನ್ನೇ ತಂದುಕೊಡುತ್ತದೆ.

ಅದೇ ಪಟ್ಟಿಯಲ್ಲಿ ನಮ್ಮ ೞಕಾರಕ್ಕೆ ಸಂಗಾತಿಗಳುಂಟು. ಲಾವೋ ಭಾಷೆಯ ನಾಲ್ಕು ಅಕ್ಷರಗಳ ಹೆಸರು ತಪ್ಪಿಹೋಗಿದೆ. ೨೦೦೫ರಲ್ಲಿ ಸೇರಿಸಿದ ಒಂದು ಆವರಣ ಚಿಹ್ನೆಯ ಹೆಸರಿನಲ್ಲಿ ‘ಬ್ರ್ಯಾಕೆಟ್’ ಎಂಬ ಮಾತಿನ ಸಿ, ಕೆ ಅಕ್ಷರಗಳು ಅದಲುಬದಲಾಗಿವೆ. ಒತ್ತಾಯದ ಕೆಲಸದಲ್ಲಿ ಯಾವ ಮೊಳೆಜೋಡಿಸುವವನಿಗೂ ಆಗಬಹುದಾದ ತಪ್ಪು. ಆದರೆ ಅದು ಈಗ ಶಾಶ್ವತ.

ಇಳಕಲ್ಲಿನ ಸೀರೆಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿಹಾಕಿ ಕೂಡಿಸುವ ಆ ನೇಯ್ಗೆಯಲ್ಲಿ, ಎಲ್ಲ ನೇಯ್ಗೆಗಳಲ್ಲಿರುವಂತೆಯೇ, ಹಾಸು, ಹೊಕ್ಕು ಎಂದು ಎರಡು ಬಗೆಯ ಎಳೆಗಳಷ್ಟೆ. ಲಾಳಿಯಲ್ಲಿ ತಪ್ಪು ಬಣ್ಣದ ನೂಲು ಬಂದರೆ ನೇಕಾರನು ಮಗ್ಗವನ್ನು ನಿಲ್ಲಿಸಿ ಆ ನಾಲ್ಕು ಹೊಕ್ಕನ್ನು ಬಿಚ್ಚಿ ಮತ್ತೆ ನೇಯುತ್ತಾನೆ. ಹಾಸಿನಲ್ಲಿಯೇ ತಪ್ಪು ಎಳೆ ಸೇರಿದ್ದರೆ ಅದು ಆ ಹಾಸಿನ ಉದ್ದಕ್ಕೂ ಗೆರೆಯಂತೆ ಹರಿಯುತ್ತದೆ. ಅದನ್ನು ತೆಗೆಯಬೇಕಾದರೆ ಮಗ್ಗಕ್ಕೆ ಏರಿಸುವ ಮೊದಲೇ ಕಣ್ಣಿಗೆ ಬೀಳಬೇಕು. ತಂತ್ರಾಂಶದ ಬರಹಗಳಲ್ಲಿಯೂ ಹಾಗೆಯೇ. ಯಾವುದರ ಮೇಲೆ ಇತರರು ನೇಯ್ದುಕೊಂಡು ಹೋಗುತ್ತಾರೋ ಅದು ಹಾಸು. ಅಲ್ಲಿಯ ತಪ್ಪು ಬೇಗನೆ ವರದಿಯಾಗದಿದ್ದರೆ ಮತ್ತೆ ತಿದ್ದುವಂತಿಲ್ಲ.

ನೀವು ಜಾಲದ ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ, ಎಲ್ಲಿಂದ ಬಂದಿರೆಂಬುದನ್ನು ನಿಮ್ಮ ಬ್ರೌಸರು ಹೊಸ ಪುಟದ ಯಜಮಾನನಿಗೆ ತಿಳಿಸುವುದುಂಟು. ಆ ಸೂಚನೆಯ ಹೆಸರು ‘ರೆಫರರ್’. ಇಂಗ್ಲಿಷಿನಲ್ಲಿ ಅದರ ಕಾಗುಣಿತಕ್ಕೆ ನಾಲ್ಕು ‘ಆರ್’ ಅಕ್ಷರಗಳು ಬೇಕು. ೧೯೯೬ರ ಕಟ್ಟಳೆಯಲ್ಲಿ ಮೂರೇ ಇವೆ. ಬರೆದವರ ಕೈತಪ್ಪು. ಯಾರಾದರೂ ನೋಡುವಷ್ಟರಲ್ಲಿ ಬ್ರೌಸರುಗಳೂ ಸರ್ವರುಗಳೂ ಆ ತಪ್ಪು ಕಾಗುಣಿತದಲ್ಲಿಯೇ ಮಾತನಾಡಿಕೊಳ್ಳತೊಡಗಿದ್ದುವು. ಈಚೆಗೆ ಅದೇ ವಿಷಯಕ್ಕೆ ಸಂಬಂಧಿಸಿದ ಹೊಸ ಸೂಚನೆಯೊಂದನ್ನು ರಚಿಸಿದಾಗ ಅದರಲ್ಲಿ ಸರಿಯಾದ ಕಾಗುಣಿತವನ್ನೇ ಬಳಸಿದರು. ಹೀಗಾಗಿ ಒಂದೇ ಮಾತಿನ ಎರಡು ಕಾಗುಣಿತಗಳನ್ನು ಪ್ರೋಗ್ರಾಂ ಬರೆಯುವವರು ನೆನಪಿಡಬೇಕಾಗಿದೆ.

ಸಂತೋಷದ ಸಂಗತಿಯೆಂದರೆ, ನಾವು ದಿನವೂ ಓದುವ ಕೈಪಿಡಿಗಳಲ್ಲಿನ ತಪ್ಪುಗಳು ಬಹುತೇಕ ಹೊಕ್ಕಿನ ತಪ್ಪುಗಳು. ತಿಳಿಸಿದರೆ ಅವನ್ನು ಬಿಚ್ಚಿ ನೇಯಬಹುದು. ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ‘ಒಪ್ಪೋಲೆ’ ಎಂಬ ಒಂದು ಹಾಳೆ ಇರುತ್ತಿದ್ದುದನ್ನು ಕೆಲವರಾದರೂ ನೋಡಿರಬಹುದು. ಇಂತಿಂತಹ ಪುಟದ ಇಂತಿಂತಹ ಪಂಕ್ತಿಯಲ್ಲಿ ಹೀಗಿರುವುದನ್ನು ಹೀಗೆ ಓದಿಕೊಳ್ಳಬೇಕು ಎಂದು ಅದು ಹೇಳುತ್ತಿತ್ತು. ಪುಸ್ತಕ ಅಚ್ಚಾದ ಮೇಲೆ ಅದಕ್ಕಿಂತ ಹೆಚ್ಚಿನದು ಸಾಧ್ಯವಿರಲಿಲ್ಲ. ತಂತ್ರಾಂಶದ ಕೈಪಿಡಿಯಾದರೋ ಅಚ್ಚು ಮುಗಿಯದ ಪುಸ್ತಕ. ಅದರ ಒಪ್ಪೋಲೆಯನ್ನು ಬರೆಯುವ ಅಧಿಕಾರವೂ ಓದುಗರಿಗೇ ಉಂಟು. ಮುಕ್ತ ತಂತ್ರಾಂಶಗಳಲ್ಲಂತೂ ಬಾಗಲಕೋಟೆಯ ವಿದ್ಯಾರ್ಥಿ ತಿಳಿಸಿದ ತಿದ್ದುಪಡಿ ಕೆಲವು ದಿನಗಳಲ್ಲಿಯೇ ಜಗತ್ತಿನ ಎಲ್ಲ ಓದುಗರ ಮುಂದೆ ಬರಬಹುದು.

ಚಿಕ್ಕ ಮಾತಿನ ತಪ್ಪು ಎಂದರೆ ಎಂತಹುದು? ಕನ್ನಡದ ‘ವರೆಗೆ’ ಎಂಬ ಪದವನ್ನೇ ನೋಡೋಣ. ‘ಸೋಮವಾರದಿಂದ ಶುಕ್ರವಾರದವರೆಗೆ ರಜೆ’ ಎಂದರೆ ಶುಕ್ರವಾರವೂ ರಜೆಯೇ. ಆ ದಿನ ಶಾಲೆಗೆ ಬಂದವನನ್ನು ಎಲ್ಲರೂ ನಗುವರು. ಪೈಥಾನಿನಲ್ಲಿ ‘ರೇಂಜ್’ ಎಂಬ ಆಜ್ಞೆಗೆ ೧ ಮತ್ತು ೧೦ ಎಂಬ ಸಂಖ್ಯೆಗಳನ್ನು ಕೊಟ್ಟರೆ ಅದು ೧, ೨, ೩ ಎಂದು ಎಣಿಸುತ್ತ ೯ಕ್ಕೆ ನಿಲ್ಲುತ್ತದೆ, ಹತ್ತನ್ನು ಮುಟ್ಟುವುದಿಲ್ಲ. ಇದನ್ನು ಕನ್ನಡದಲ್ಲಿ ವಿವರಿಸುವವರು ‘೧ರಿಂದ ೧೦ರವರೆಗಿನ ಸಂಖ್ಯೆಗಳು’ ಎಂದು ಬರೆದರೆ, ಲೋಲಕದ ಹತ್ತು ಆಂದೋಲನಗಳ ಕಾಲವನ್ನು ಕೂಡಿಸಹೊರಟ ವಿದ್ಯಾರ್ಥಿಗೆ ಒಂಬತ್ತೇ ಸಿಕ್ಕುತ್ತವೆ. ಅವನು ಅದನ್ನು ಹತ್ತರಿಂದ ಭಾಗಿಸುತ್ತಾನೆ. ಗುರುತ್ವದ ಬೆಲೆ ಕೆಟ್ಟು ಬರುತ್ತದೆ. ಪಾಪ, ಲೋಲಕವನ್ನು ಬೈಯುತ್ತಾನೆ! ‘೧೦ಕ್ಕೆ ಮೊದಲು ನಿಲ್ಲುತ್ತದೆ’ ಎಂಬ ಎರಡು ಮಾತು ಇದನ್ನೆಲ್ಲ ತಪ್ಪಿಸುತ್ತದೆ.

ಇನ್ನೊಂದು ಉದಾಹರಣೆ. ಒಂದು ಕೈಪಿಡಿಯಲ್ಲಿ ‘ಸೈನ್ ಫಲನಕ್ಕೆ ಕೋನವನ್ನು ಡಿಗ್ರಿಗಳಲ್ಲಿ ಕೊಡಬೇಕು’ ಎಂದಿದೆಯೆಂದು ಇಟ್ಟುಕೊಳ್ಳಿ. ೩೦ನ್ನು ಕೊಟ್ಟು ನೋಡಿದರೆ ೦.೫ ಬರಬೇಕು. ಹಾಗಲ್ಲದೆ −೦.೯೮೮ ಎಂದು ಬಂದರೆ ಪ್ರೋಗ್ರಾಂ ಆ ಮೂವತ್ತನ್ನು ರೇಡಿಯನ್ ಎಂದು ತಿಳಿದಿದೆಯೆಂದರ್ಥ. ಇಂತಹ ಒಂದೇ ಒಂದು ಪ್ರಯೋಗವು ‘ಇಲ್ಲಿ ಏನೋ ತಪ್ಪಿದೆ’ ಎಂಬ ಗೊಣಗಾಟವನ್ನು ಪ್ರಮಾಣವುಳ್ಳ ವರದಿಯನ್ನಾಗಿ ಮಾಡುತ್ತದೆ.

ಕನ್ನಡಕ್ಕೇ ವಿಶಿಷ್ಟವಾದ ಅಪಾಯವೊಂದನ್ನು ಇಲ್ಲಿ ಹೇಳಬೇಕು. ಕಡತವನ್ನು ಕಾಪಾಡುವ ಆಜ್ಞೆಗೆ ನಮ್ಮ ತಂತ್ರಾಂಶಗಳಲ್ಲಿ ‘ಉಳಿಸು’ ಎನ್ನುತ್ತೇವೆ, ನಾಶಪಡಿಸುವ ಆಜ್ಞೆಗೆ ‘ಅಳಿಸು’ ಎನ್ನುತ್ತೇವೆ. ಎರಡಕ್ಕೂ ಇರುವ ಅಂತರ ಮೊದಲನೆಯ ಸ್ವರವೊಂದೇ. ಕೈಪಿಡಿಯಲ್ಲಿ ಉಕಾರದ ಕಡೆ ಅಕಾರ ಬಿದ್ದರೆ, ಅದನ್ನು ನಂಬಿದವನ ವರ್ಷದ ಟಿಪ್ಪಣಿಗಳು ಮಾಯವಾದಾವು. ಹಳಗನ್ನಡದಲ್ಲಿ ಇವು ಉೞಿ, ಅೞಿ ಎಂಬ ಧಾತುಗಳು. ದತ್ತಿಯನ್ನು ‘ಅಳಿ’ದವನಿಗೆ ಮಂಗಳೇಶನು ನರಕವನ್ನು ವಿಧಿಸಿದ್ದನೆಂಬುದನ್ನು ಅನುವಾದಕರು ನೆನಪಿಟ್ಟರೆ ಒಳ್ಳೆಯದು!

ಇನ್ನು ವರದಿ ಮಾಡುವ ಕ್ರಮ. ಅಂತರಜಾಲದ ಕಟ್ಟಳೆಗಳನ್ನು ಹೇಳುವ ‘ಆರ್‌ಎಫ್‌ಸಿ’ ಎಂಬ ದಸ್ತಾವೇಜುಗಳು ೧೯೬೯ರಿಂದ ಪ್ರಕಟವಾಗುತ್ತಿವೆ. ಪ್ರಕಟವಾದ ಮೇಲೆ ಅವುಗಳಲ್ಲಿ ಒಂದು ಅಲ್ಪವಿರಾಮವನ್ನೂ ಕದಲಿಸುವಂತಿಲ್ಲವಾದುದರಿಂದ ತಿದ್ದುಪಡಿಗಳನ್ನು ಬೇರೆಯಾಗಿ ದಾಖಲಿಸುತ್ತಾರೆ. ಅದರ ನಮೂನೆ ಬಹಳ ಸರಳ: ಇಂತಹ ವಿಭಾಗದಲ್ಲಿ ಹೀಗಿದೆ, ಹೀಗಿರಬೇಕು, ಕಾರಣ ಇದು. ನಮ್ಮ ಹಿರಿಯರ ಒಪ್ಪೋಲೆಯೇ ಅಲ್ಲವೇ ಇದು? ವರದಿ ಮಾಡುವವನು ಅದು ಬರಿಯ ಬರಹದ ತಪ್ಪೋ ತಾಂತ್ರಿಕವಾದ ತಪ್ಪೋ ಎಂಬುದನ್ನೂ ಹೇಳಬೇಕು. ಬಲ್ಲವರು ಪರಿಶೀಲಿಸಿ ಅದನ್ನು ಒಪ್ಪುತ್ತಾರೆ, ಇಲ್ಲವೇ ತಿರಸ್ಕರಿಸುತ್ತಾರೆ, ಅಥವಾ ಮುಂದಿನ ಆವೃತ್ತಿಗಾಗಿ ಕಾದಿರಿಸುತ್ತಾರೆ.

ಯಾವ ತಂತ್ರಾಂಶಕ್ಕಾದರೂ ಈ ನಮೂನೆ ಸಾಕು. ನನ್ನ ಅನುಭವದಲ್ಲಿ ಹೊಸಬರು ಎಡವುವುದು ಎರಡು ಕಡೆ. ಮೊದಲನೆಯದು, ಇದ್ದ ಮಾತನ್ನು ಇದ್ದಂತೆಯೇ ನಕಲುಮಾಡದೆ ತಮ್ಮ ಮಾತಿನಲ್ಲಿ ಹೇಳುವುದು. ‘ನಿಮ್ಮ ಮೂರನೆಯ ಪಾಠದಲ್ಲಿ ತಪ್ಪುಗಳಿವೆ’ ಎಂಬ ವರದಿಯನ್ನು ಪಡೆದವನು ಮೂರನೆಯ ಪಾಠವನ್ನೆಲ್ಲ ಮತ್ತೆ ಓದಬೇಕು. ಬಿಡುವಿನ ವೇಳೆಯಲ್ಲಿ ದುಡಿಯುವ ಅವನಿಗೆ ಆ ಪುರಸತ್ತು ಎಲ್ಲಿಯದು? ಎರಡನೆಯದು, ಆವೃತ್ತಿಯನ್ನು ತಿಳಿಸದಿರುವುದು. ಪ್ರಯೋಗಶಾಲೆಯ ಪುಸ್ತಕದಲ್ಲಿ ಉಪಕರಣದ ಕನಿಷ್ಠ ಎಣಿಕೆಯನ್ನು ಬರೆಯದೆ ಅಳತೆಯನ್ನು ಮಾತ್ರ ಬರೆದಂತೆ ಅದು. ನೀವು ಹಳೆಯ ಕೈಪಿಡಿಯನ್ನು ಓದುತ್ತಿದ್ದು, ಹೊಸದರಲ್ಲಿ ತಪ್ಪು ಆಗಲೇ ಸರಿಯಾಗಿರಬಹುದು. ಕನ್ನಡ ಅನುವಾದದಲ್ಲಿ ಕಂಡ ತಪ್ಪಾದರೆ ಮೂಲವನ್ನೂ ತೆರೆದು ನೋಡುವುದು ಅವಶ್ಯ. ತಪ್ಪು ಮೂಲದ್ದಾದರೆ ಅನುವಾದಕನನ್ನು ದೂರಿ ಪ್ರಯೋಜನವಿಲ್ಲ.

ಕಂಡುದೆಲ್ಲ ತಪ್ಪೂ ಅಲ್ಲ. ನಮ್ಮ ಜಿಲ್ಲೆಯ ನೇಕಾರರ ಊರಿನ ಹೆಸರನ್ನು ಇಳಕಲ್ ಎಂದೂ ಇಲಕಲ್ ಎಂದೂ ಬರೆಯುವುದುಂಟು. ಒಂದನ್ನು ಕಂಡು ಇನ್ನೊಂದರ ತಪ್ಪೆಂದು ವರದಿ ಮಾಡಿದರೆ ಅದು ತಿರಸ್ಕೃತವಾಗುವುದು ನ್ಯಾಯವೇ. ಆದರೆ ಒಂದೇ ಕೈಪಿಡಿಯ ಒಂದು ಪುಟದಲ್ಲಿ ಒಂದು ರೂಪ, ಮತ್ತೊಂದು ಪುಟದಲ್ಲಿ ಮತ್ತೊಂದು ರೂಪವಿದ್ದು, ಹುಡುಕುವ ಯಂತ್ರವು ಎರಡನ್ನೂ ಬೇರೆ ಊರುಗಳೆಂದು ಭಾವಿಸುವಂತಿದ್ದರೆ ಅದು ತಿಳಿಸಬೇಕಾದ ದೋಷ. ಈ ವಿವೇಚನೆಯನ್ನು ನಿಯಮಗಳಿಂದ ಕಲಿಸಲಾಗುವುದಿಲ್ಲ.

“ಇಷ್ಟು ಸಣ್ಣ ತಪ್ಪಿಗೆ ಪತ್ರ ಬರೆದರೆ ಅವರು ನಗುವುದಿಲ್ಲವೇ, ಸರ್?” ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು. ಡೊನಾಲ್ಡ್ ಕ್ನೂತ್ ಎಂಬ ಅಮೆರಿಕದ ಗಣಕವಿಜ್ಞಾನಿ ಇದಕ್ಕೆ ಉತ್ತರವನ್ನು ಹಣದ ರೂಪದಲ್ಲಿಯೇ ಕೊಟ್ಟಿದ್ದಾರೆ. ೧೯೬೮ರಲ್ಲಿ ಮೊದಲನೆಯ ಸಂಪುಟ ಹೊರಬಂದ ತಮ್ಮ ಮಹಾಗ್ರಂಥದಲ್ಲಿಯೂ ಇತರ ಪುಸ್ತಕಗಳಲ್ಲಿಯೂ ತಪ್ಪನ್ನು ಮೊದಲು ತೋರಿಸಿದವರಿಗೆ ಎರಡು ಡಾಲರು ಐವತ್ತಾ‌ರು ಸೆಂಟುಗಳ ಬಹುಮಾನವನ್ನು ಅವರು ಸಾರಿದರು. ಅಚ್ಚಿನ ತಪ್ಪಾದರೂ ಸರಿಯೇ. ಈ ವಿಚಿತ್ರ ಮೊತ್ತವೇಕೆಂದರೆ ೨೫೬ ಸೆಂಟುಗಳು ಹದಿನಾರರ ಮಾನದಲ್ಲಿ ಬರೆದಾಗ ‘೧೦೦’ ಆಗುತ್ತದೆ. ಗಣಕದ ಲೆಕ್ಕದಲ್ಲಿ ಅದು ಒಂದು ಪೂರ್ಣ ಡಾಲರು! ಆ ಚೆಕ್ಕನ್ನು ಪಡೆದವರಲ್ಲಿ ಅನೇಕರು ಬ್ಯಾಂಕಿಗೆ ಕೊಡದೆ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿದರು. ೨೦೦೮ರಿಂದ ಈಚೆಗೆ, ಚೆಕ್ಕುಗಳ ದುರುಪಯೋಗದ ಭಯದಿಂದ, ಕ್ನೂತರು ಕಾಲ್ಪನಿಕ ದ್ವೀಪರಾಷ್ಟ್ರವೊಂದರ ಬ್ಯಾಂಕಿನ ಪ್ರಮಾಣಪತ್ರವನ್ನು ಕಳುಹಿಸುತ್ತಾರೆ. ಗಣಿತ, ಭೌತವಿಜ್ಞಾನಗಳ ಪ್ರಬಂಧಗಳನ್ನು ಅಚ್ಚಿಗೆ ಅಣಿಗೊಳಿಸುವ ‘ಟೆಕ್’ ಎಂಬ ತಂತ್ರಾಂಶವೂ ಅವರದೇ. ೧೯೭೮ರಿಂದ ಅದರಲ್ಲಿ ಕಂಡುಬಂದ ತಪ್ಪುಗಳ ದಿನಚರಿಯನ್ನೇ ಇಟ್ಟು, ೧೯೮೯ರಲ್ಲಿ ಅದನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು. ಟೆಕ್‌ನ ಆವೃತ್ತಿಗಳ ಸಂಖ್ಯೆ ೩.೧, ೩.೧೪, ೩.೧೪೧ ಎಂದು ‘ಪೈ’ ಬೆಲೆಯತ್ತ ಸಾಗುತ್ತದೆ. ೨೦೨೧ರಲ್ಲಿ ಅದು ೩.೧೪೧೫೯೨೬೫೩ಕ್ಕೆ ಬಂದಿತು. ಒಂದೊಂದು ಸಲ ತಿದ್ದಿದಾಗಲೂ ಒಂದೊಂದು ಅಂಕೆ.

ವರದಿಯೆಂಬುದು ದಾಖಲೆಯಾಗಬೇಕು, ಮಾತಿನಲ್ಲಿ ತೇಲಿಹೋಗಬಾರದು ಎಂಬುದಕ್ಕೆ ಬಹಳ ದುಬಾರಿಯಾದ ದೃಷ್ಟಾಂತವೊಂದುಂಟು. ಅಮೆರಿಕದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಎಂಬ ನೌಕೆ ೧೯೯೯ರ ಸೆಪ್ಟೆಂಬರ್ ೨೩ರಂದು ಮಂಗಳಗ್ರಹದ ಬಳಿ ಕಳೆದುಹೋಯಿತು. ನೌಕೆಯ ಪುಟ್ಟ ರಾಕೆಟ್ಟುಗಳು ಕೊಡುವ ಆವೇಗವನ್ನು ನ್ಯೂಟನ್-ಸೆಕೆಂಡುಗಳಲ್ಲಿ ಹೇಳಬೇಕೆಂದು ದಸ್ತಾವೇಜು ಸ್ಪಷ್ಟವಾಗಿ ವಿಧಿಸಿತ್ತು; ಭೂಮಿಯ ಮೇಲಿನ ತಂತ್ರಾಂಶವೊಂದು ಅದನ್ನು ಪೌಂಡ್-ಸೆಕೆಂಡುಗಳಲ್ಲಿ ಹೇಳುತ್ತಿತ್ತು. ಒಂದು ಪೌಂಡ್ ಬಲವೆಂದರೆ ಸುಮಾರು ೪.೪೫ ನ್ಯೂಟನ್. ಇಲ್ಲಿ ಬರಹ ಸರಿಯಿತ್ತು, ಯಂತ್ರ ತಪ್ಪಿತ್ತು. ಲೆಕ್ಕ ಕೂಡಿಬರುತ್ತಿಲ್ಲವೆಂಬ ಅನುಮಾನ ಪಥವನ್ನು ಗಣಿಸುವವರಿಗೆ ಬಂದಿತ್ತು. ಆದರೆ ದೋಷಗಳನ್ನು ದಾಖಲಿಸುವ ಗೊತ್ತಾದ ಕ್ರಮವನ್ನು ಬಿಟ್ಟು ಮಿಂಚಂಚೆಗಳಲ್ಲಿ ಅದನ್ನು ಚರ್ಚಿಸಿದರು. ಹೀಗಾಗಿ ವಿಷಯವು ಸಂದಿಯಲ್ಲಿ ಜಾರಿಹೋಯಿತು ಎಂದು ತನಿಖಾ ಮಂಡಲಿ ಕಂಡುಕೊಂಡಿತು. ಒಂದು ನಮೂನೆಯನ್ನು ತುಂಬಿದ್ದರೆ ನೌಕೆ ಉಳಿಯುತ್ತಿತ್ತೆಂದು ಹೇಳಲು ಬಾರದು. ಯಾರೂ ಉತ್ತರಿಸದೆ ಬಿಡುವಂತಿಲ್ಲದ ಪ್ರಶ್ನೆಯೊಂದು ಪುಸ್ತಕದಲ್ಲಿ ಉಳಿಯುತ್ತಿತ್ತೆಂಬುದು ಮಾತ್ರ ನಿಜ.

ಕನ್ನಡದಲ್ಲಿ ಈ ಕೆಲಸಕ್ಕೆ ಕೈಗಳು ಕಡಮೆ, ಕಣ್ಣುಗಳೂ ಕಡಮೆ. ಮುಕ್ತ ತಂತ್ರಾಂಶಗಳ ಕನ್ನಡ ಅನುವಾದವನ್ನು ಬಹುಪಾಲು ಸ್ವಯಂಸೇವಕರೇ ಮಾಡುತ್ತಾರೆ. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ತಂತ್ರಾಂಶದ ಕನ್ನಡ ಸೂಚನೆಗಳು ‘ಟ್ರಾನ್ಸ್‌ಲೇಟ್‌ವಿಕಿ’ ಎಂಬ ತಾಣದಲ್ಲಿ ಸಿದ್ಧವಾಗುತ್ತವೆ. ಅಲ್ಲಿ ಹೆಸರು ನೋಂದಾಯಿಸಿಕೊಂಡ ಯಾರಾದರೂ ತಪ್ಪನ್ನು ತೋರಿಸಬಹುದು, ತಿದ್ದಲೂಬಹುದು. ಇಂಗ್ಲಿಷ್ ಕೈಪಿಡಿಯ ತಪ್ಪನ್ನು ಸಾವಿರಾರು ಮಂದಿ ನೋಡುತ್ತಾರೆ, ಅವರಲ್ಲಿ ಯಾರೋ ಒಬ್ಬರು ತಿಳಿಸುತ್ತಾರೆ. ಕನ್ನಡದ್ದನ್ನು ನೋಡುವವರಲ್ಲಿ ಬಹುಮಂದಿ ಬೇಸತ್ತು ಇಂಗ್ಲಿಷಿಗೆ ತಿರುಗಿಕೊಂಡುಬಿಡುತ್ತಾರೆ. ತಪ್ಪು ಅಲ್ಲಿಯೇ ಉಳಿದು ಹಾಸಿನ ಎಳೆಯಾಗುತ್ತದೆ. ಹುನಗುಂದದ ಪ್ರೌಢಶಾಲೆಯ ಹುಡುಗಿಗೆ ಅದು ಕಂಡರೆ, ಅವಳಿಗಿಂತ ಮೊದಲು ಅದನ್ನು ಬೇರೆ ಯಾರೂ ತಿಳಿಸಿರದ ಸಂಭವವೇ ಹೆಚ್ಚು.

ಯೂನಿಕೋಡಿನವರು ಸಹ ಸಾರ್ವಜನಿಕರ ವರದಿಗಳನ್ನು ಸ್ವೀಕರಿಸುತ್ತಾರೆ. ಹೊಸ ಅಕ್ಷರಗಳನ್ನು ಸೇರಿಸಬೇಕೆಂಬ ಪ್ರಸ್ತಾವಗಳನ್ನು ಹೆಸರು, ರೂಪ, ಆಧಾರಗಳ ಸಮೇತ ಎಲ್ಲರೂ ಓದುವಂತೆ ಪ್ರಕಟಿಸುತ್ತಾರೆ. ತಪ್ಪನ್ನು ಹಿಡಿಯಬೇಕಾದ ಹೊತ್ತು ಅದೇ, ಮಗ್ಗಕ್ಕೆ ಏರುವ ಮೊದಲು. ಸ್ವರವಿಲ್ಲದ ನಕಾರವನ್ನು ಬರೆಯಲು ಹಿಂದೆ ಕನ್ನಡದಲ್ಲಿ ಬಳಸುತ್ತಿದ್ದ ವಿಶಿಷ್ಟವಾದ ರೂಪವೊಂದು ಈ ಮಾರ್ಗವಾಗಿಯೇ ೨೦೨೧ರಲ್ಲಿ, ಹದಿನಾಲ್ಕನೆಯ ಆವೃತ್ತಿಯಲ್ಲಿ, ಯೂನಿಕೋಡನ್ನು ಸೇರಿತು. ಅದಕ್ಕೆ ಕನ್ನಡದ್ದೇ ಆದ ‘ನಕಾರ ಪೊಲ್ಲು’ ಎಂಬ ಹೆಸರನ್ನು ತಪ್ಪಿಲ್ಲದೆ ಇಟ್ಟಿದ್ದಾರೆ. ಅದರ ಮನೆ ೩೨೯೩. ಪಕ್ಕದ ಮನೆ ೩೨೯೪ರಲ್ಲಿ, ‘ಎಫ್‌ಎ’ ಎಂಬ ಹಲಗೆಯ ಕೆಳಗೆ, ನಮ್ಮ ೞಕಾರ ವಾಸವಾಗಿದೆ.